ಸೂರ್ಯನ ಎಲ್ಲೆಯಾಚೆ

ಗಡಿ ಎಂದರೇನು ಎಂಬ ಪ್ರಶ್ನೆಗೆ ಭೂಮಿಯ ಮೇಲೆ ಉತ್ತರ ಹೇಳುವುದು ಸುಲಭ. ಒಂದು ಹೊಳೆ, ಒಂದು ಬೆಟ್ಟದ ಸಾಲು, ಅದೂ ಇಲ್ಲದಿದ್ದರೆ ಮೋಜಣಿಯವರು ನೆಟ್ಟ ಒಂದು ಕಲ್ಲು. ಈಚೆಯದು ನಮ್ಮದು, ಆಚೆಯದು ಅವರದು. ಸೂರ್ಯನ ರಾಜ್ಯಕ್ಕೆ ಗಡಿ ಎಲ್ಲಿ ಎಂದು ಕೇಳಿದರೆ ಮಾತು ಅಷ್ಟು ಸರಳವಾಗಿ ಮುಗಿಯುವುದಿಲ್ಲ. ಗ್ರಹಗಳಲ್ಲಿ ಕಡೆಯದಾದ ನೆಪ್ಚೂನ್ ಸುತ್ತುವ ಪಥವೇ ಗಡಿ ಎನ್ನಬಹುದು. ಹಾಗೆನ್ನುವವರಿಗೆ, ಅದರಾಚೆಗೂ ಸೂರ್ಯನ ಆಕರ್ಷಣೆಗೆ ಒಳಗಾಗಿ ತೇಲುತ್ತಿರುವ ಅಸಂಖ್ಯಾತ ಹಿಮಪಿಂಡಗಳ, ಧೂಮಕೇತುಗಳ ತವರಾದ ಊರ್ಟ್ ಮೇಘವನ್ನು ತೋರಿಸಿ, ಗಡಿ ಇನ್ನೂ ಬಹುದೂರ ಎನ್ನಬಹುದು. ಇವೆರಡರ ನಡುವೆ ಮೂರನೆಯ ಗಡಿಯೊಂದಿದೆ. ಅದು ಸೂರ್ಯನಿಂದ ಬೀಸುವ ಗಾಳಿ ಎಲ್ಲಿ ನಿಲ್ಲುತ್ತದೋ ಅಲ್ಲಿಯ ಗಡಿ. ಮನುಷ್ಯನ ಕೈಯಿಂದ ರೂಪುಗೊಂಡ ಎರಡು ನೌಕೆಗಳು ದಾಟಿರುವುದು ಈ ಮೂರನೆಯ ಗಡಿಯನ್ನು.

ಸೂರ್ಯನಿಂದ ಗಾಳಿಯೇ? ಎಂದು ಹುಬ್ಬೇರಿಸಿದವರಲ್ಲಿ ಪಂಡಿತರೇ ಹೆಚ್ಚು. ೧೯೫೮ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಪಾರ್ಕರ್ ಎಂಬ ತರುಣ ಭೌತವಿಜ್ಞಾನಿ ಒಂದು ಲೇಖನ ಬರೆದರು. ಸೂರ್ಯನ ಹೊರಾವರಣದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮಿಗಿಲು. ಅಷ್ಟು ಕಾದ ಅನಿಲವನ್ನು ಸೂರ್ಯನ ಆಕರ್ಷಣೆ ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ಅದು ಎಲ್ಲ ದಿಕ್ಕಿಗೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಿಂದ ಹೊರಕ್ಕೆ ಹರಿಯುತ್ತಲೇ ಇರಬೇಕು ಎಂಬುದು ಅವರ ವಾದ. ಲೇಖನವನ್ನು ಪರಿಶೀಲಿಸಿದ ಇಬ್ಬರು ತಜ್ಞರೂ ಅದು ಪ್ರಕಟಣೆಗೆ ಅರ್ಹವಲ್ಲವೆಂದರು. ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ಹಿಡಿಸಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಕಾಣಲಿಲ್ಲ. ತಪ್ಪಿಲ್ಲದ ಮೇಲೆ ತಡೆಯುವುದು ಹೇಗೆ? ತಜ್ಞರ ಮಾತನ್ನು ಬದಿಗಿಟ್ಟು ಅವರು ಲೇಖನವನ್ನು ಅಚ್ಚು ಹಾಕಿಸಿದರು. ಸಂಪಾದಕನಾದವನು ತನ್ನ ರುಚಿಯನ್ನೂ ತನ್ನ ಕರ್ತವ್ಯವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಾಹಿತ್ಯಲೋಕದಲ್ಲಿಯೂ ಅಪರೂಪವೆಂದೇ ನನ್ನ ಎಣಿಕೆ. ೧೯೬೨ರಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-೨ ನೌಕೆ ದಾರಿಯುದ್ದಕ್ಕೂ ಈ ಸೌರಮಾರುತವನ್ನು ಅಳೆಯಿತು. ಪಾರ್ಕರರ ಮಾತು ನಿಜವಾಯಿತು.

ಈ ಮಾರುತ ಗ್ರಹಗಳನ್ನೆಲ್ಲ ದಾಟಿ ಮುಂದಕ್ಕೆ ಹೋಗುತ್ತದೆ. ಆದರೆ ತಾರೆಗಳ ನಡುವಣ ಅವಕಾಶವೂ ಬರಿದಲ್ಲ. ಅಲ್ಲಿಯೂ ತೀರ ವಿರಳವಾದ ಅನಿಲವಿದೆ, ಕಾಂತಕ್ಷೇತ್ರವಿದೆ, ಎಂದೋ ಸಿಡಿದ ತಾರೆಗಳಿಂದ ಹೊರಟ ವಿಶ್ವಕಿರಣಗಳಿವೆ. ದೂರ ಹೋದಂತೆಲ್ಲ ತೆಳುವಾಗುವ ಸೌರಮಾರುತ ಒಂದೆಡೆ ಈ ಹೊರಗಿನ ಒತ್ತಡಕ್ಕೆ ಸಮನಾಗಿ ನಿಲ್ಲಲೇಬೇಕು. ಹೀಗೆ ಸೂರ್ಯನ ಸುತ್ತ ಒಂದು ಮಹಾಬುದ್ಬುದ ಏರ್ಪಟ್ಟಿದೆ. ಅದನ್ನು ಸೌರಗೋಳ ಎನ್ನೋಣ. ಅದರ ಅಂಚನ್ನು, ವಿಜ್ಞಾನಿಗಳು ಹೀಲಿಯೋಪಾಸ್ ಎನ್ನುವುದನ್ನು, ಸೌರಸೀಮೆ ಎನ್ನೋಣ. ಇದರ ಒಂದು ಪುಟ್ಟ ಪ್ರತಿರೂಪವನ್ನು ಬಚ್ಚಲುಮನೆಯಲ್ಲಿಯೇ ನೋಡಬಹುದು. ನಲ್ಲಿಯ ನೀರು ಚಪ್ಪಟೆಯಾದ ಕಲ್ಲಿನ ಮೇಲೆ ಧಾರೆಯಾಗಿ ಬಿದ್ದಾಗ, ಬಿದ್ದ ಸ್ಥಳದ ಸುತ್ತ ನೀರು ತೆಳ್ಳಗೆ, ರಭಸವಾಗಿ ಹರಡುತ್ತದೆ. ಸ್ವಲ್ಪ ದೂರ ಹೋದಮೇಲೆ ಒಮ್ಮೆಲೇ ಒಂದು ಬಳೆಯಾಕಾರದ ಏರು ಕಾಣಿಸಿಕೊಂಡು, ಅದರಾಚೆಗೆ ನೀರು ದಪ್ಪವಾಗಿ, ನಿಧಾನವಾಗಿ ಸರಿಯುತ್ತದೆ. ಸೌರಮಾರುತವೂ ಹಾಗೆಯೇ. ಸೌರಸೀಮೆಯನ್ನು ಮುಟ್ಟುವುದಕ್ಕೆ ಬಹಳ ಮುಂಚೆಯೇ ಒಂದೆಡೆ ಅದರ ರಭಸ ಥಟ್ಟನೆ ಮುರಿಯುತ್ತದೆ. ಅಲ್ಲಿಂದ ಸೀಮೆಯವರೆಗಿನದು ಗೊಂದಲದ, ಸುಳಿಗಳ ಪ್ರದೇಶ.

ಇಷ್ಟೆಲ್ಲ ಕಾಗದದ ಮೇಲೆ ಇತ್ತು. ಎಷ್ಟು ದೂರದಲ್ಲಿ ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹೋಗಿ ನೋಡದೆ ತೀರ್ಮಾನವಾಗುವ ವ್ಯಾಜ್ಯವಲ್ಲ ಅದು.

ಹೋಗಿ ನೋಡಿದ ವಾಯೇಜರ್ ನೌಕೆಗಳನ್ನು ಕಟ್ಟಿದ್ದು ಈ ಕೆಲಸಕ್ಕಲ್ಲ. ೧೯೬೫ರಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಬೇಸಗೆಯ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದ ಗ್ಯಾರಿ ಫ್ಲಾಂಡ್ರೋ ಎಂಬ ವಿದ್ಯಾರ್ಥಿ ಗ್ರಹಗತಿಗಳನ್ನು ಗುಣಿಸುತ್ತ ಕುಳಿತಿದ್ದಾಗ ಒಂದು ವಿಶೇಷ ಕಂಡ. ಎಪ್ಪತ್ತರ ದಶಕದ ಕೊನೆಯಲ್ಲಿ ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಸೂರ್ಯನ ಒಂದೇ ಪಕ್ಕಕ್ಕೆ ಬಂದು, ಒಂದರಿಂದ ಇನ್ನೊಂದಕ್ಕೆ ದಾಟಿಹೋಗಲು ತಕ್ಕಂತೆ ನಿಲ್ಲುತ್ತಿದ್ದವು. ಇಂಥ ಯೋಗ ಸುಮಾರು ೧೭೫ ವರ್ಷಗಳಿಗೊಮ್ಮೆ. ಗ್ರಹದ ಬಳಿ ಸಾಗುವ ನೌಕೆ ಆ ಗ್ರಹದ ಚಲನೆಯಿಂದಲೇ ವೇಗವನ್ನು ಎರವಲು ಪಡೆಯಬಹುದೆಂದು ಅದಕ್ಕೆ ಕೆಲವೇ ವರ್ಷ ಮುಂಚೆ ಮೈಕೇಲ್ ಮಿನೋವಿಚ್ ತೋರಿಸಿದ್ದರು. ಸುಮ್ಮನೆ ಹಿಡಿದ ಬ್ಯಾಟಿಗೆ ತಗುಲಿದ ಚೆಂಡು ಸತ್ತು ಬೀಳುತ್ತದೆ. ಮುಂದಕ್ಕೆ ಬೀಸಿದ ಬ್ಯಾಟಿಗೆ ತಗುಲಿದ ಚೆಂಡು ಬಂದುದಕ್ಕಿಂತ ಹೆಚ್ಚಿನ ವೇಗದಿಂದ ಬೌಂಡರಿಗೆ ಓಡುತ್ತದೆ. ಗುರುಗ್ರಹ ಬೀಸಿದ ಬ್ಯಾಟು. ಈ ಉಪಾಯವಿಲ್ಲದಿದ್ದರೆ ನೆಪ್ಚೂನ್ ಮುಟ್ಟಲು ಮೂವತ್ತು ವರ್ಷ ಬೇಕಾಗುತ್ತಿತ್ತು. ಇದ್ದುದರಿಂದ ಹನ್ನೆರಡು ವರ್ಷ ಸಾಕಾಯಿತು.

ನಾಲ್ಕೂ ಗ್ರಹಗಳ ಮಹಾಯಾತ್ರೆಗೆ ಸರ್ಕಾರ ಹಣ ಕೊಡಲಿಲ್ಲ. ಗುರು, ಶನಿ ಎರಡನ್ನು ನೋಡಿ, ಐದು ವರ್ಷ ಬಾಳಿದರೆ ಸಾಕು ಎಂಬ ಷರತ್ತಿನ ಮೇಲೆ ಎರಡು ನೌಕೆಗಳು ಸಿದ್ಧವಾದವು. ೧೯೭೭ರ ಆಗಸ್ಟ್ ೨೦ರಂದು ವಾಯೇಜರ್-೨, ಸೆಪ್ಟೆಂಬರ್ ೫ರಂದು ವಾಯೇಜರ್-೧ ಭೂಮಿಯನ್ನು ಬಿಟ್ಟವು. ಎರಡನೆಯದು ಮೊದಲು ಹೊರಟಿತೆಂದು ಗೊಂದಲ ಬೇಡ. ವಾಯೇಜರ್-೧ ಹಿಡಿದದ್ದು ಹತ್ತಿರದ ದಾರಿ; ಗುರುಗ್ರಹವನ್ನು ಅದೇ ಮೊದಲು ಮುಟ್ಟಿತು.

ಎರಡೇ ಗ್ರಹ ಎಂಬ ಷರತ್ತನ್ನು ಎಂಜಿನಿಯರುಗಳು ಮನಸ್ಸಿನಲ್ಲಿ ಒಪ್ಪಿರಲಿಲ್ಲವೆಂದು ಕಾಣುತ್ತದೆ; ಮುಂದಕ್ಕೆ ಹೋಗುವ ಬಾಗಿಲನ್ನು ಅವರು ಮುಚ್ಚಲಿಲ್ಲ. ಶನಿಯ ಉಪಗ್ರಹ ಟೈಟನ್ನಿಗೆ ದಟ್ಟವಾದ ವಾತಾವರಣವಿದೆ; ಅದನ್ನು ಹತ್ತಿರದಿಂದ ನೋಡಲೇಬೇಕೆಂಬುದು ವಿಜ್ಞಾನಿಗಳ ಹಟ. ಆದರೆ ಟೈಟನ್ನಿನ ಬಳಿ ಸಾರಿದ ನೌಕೆ ಗ್ರಹಗಳ ಸಮತಲದಿಂದ ಮೇಲಕ್ಕೆ ಎಸೆಯಲ್ಪಡುತ್ತದೆ. ಆಮೇಲೆ ಅದಕ್ಕೆ ಬೇರೆ ಗ್ರಹವಿಲ್ಲ. ಈ ತ್ಯಾಗ ವಾಯೇಜರ್-೧ರ ಪಾಲಿಗೆ ಬಂತು. ೧೯೮೦ರ ನವೆಂಬರಿನಲ್ಲಿ ಅದು ಟೈಟನ್ ನೋಡಿತು. ಕಂಡದ್ದು ಕಿತ್ತಳೆಬಣ್ಣದ ಮಬ್ಬು ಮಾತ್ರ, ನೆಲ ಕಾಣಿಸಲಿಲ್ಲ. ಆ ನೌಕೆ ವಿಫಲವಾಗಿದ್ದರೆ ವಾಯೇಜರ್-೨ನ್ನೇ ಟೈಟನ್ನಿಗೆ ತಿರುಗಿಸುವವರಿದ್ದರು. ಆಗ ಯುರೇನಸ್, ನೆಪ್ಚೂನ್ ಎರಡೂ ನಮ್ಮ ಪಾಲಿಗೆ ಬರಿಯ ಚುಕ್ಕೆಗಳಾಗಿ ಉಳಿಯುತ್ತಿದ್ದವು. ಆ ಎರಡು ಗ್ರಹಗಳ ಬಳಿಗೆ ಇಂದಿಗೂ ಬೇರೊಂದು ನೌಕೆ ಹೋಗಿಲ್ಲ.

ಇಲ್ಲಿ ವಾಯೇಜರ್-೨ರ ಕಿವುಡಿನ ಕಥೆಯನ್ನು ಹೇಳದಿದ್ದರೆ ತಪ್ಪಾದೀತು. ೧೯೭೮ರ ಏಪ್ರಿಲಿನಲ್ಲಿ, ಮೊದಲನೆಯ ನೌಕೆಯ ತೊಂದರೆಗಳಲ್ಲಿ ಮುಳುಗಿದ್ದ ನಿರ್ವಾಹಕರು ಎರಡನೆಯದಕ್ಕೆ ಕಳಿಸಬೇಕಾದ ವಾಡಿಕೆಯ ಸಂದೇಶವನ್ನು ಮರೆತರು. ಬಹುದಿನ ಏನೂ ಕೇಳಿಸದೆ ಹೋದರೆ ತನ್ನ ಗ್ರಾಹಕಯಂತ್ರ ಕೆಟ್ಟಿದೆಯೆಂದು ತಿಳಿದು ಬದಲಿಯನ್ನು ಚಾಲೂ ಮಾಡಬೇಕೆಂದು ನೌಕೆಗೆ ಕಲಿಸಲಾಗಿತ್ತು. ಅದು ಹೇಳಿದಂತೆ ಮಾಡಿತು. ಆದರೆ ಆ ಬದಲಿಯಲ್ಲಿ ಒಂದು ಪುಟ್ಟ ಭಾಗ ಮೊದಲೇ ಕೆಟ್ಟಿತ್ತು. ಮತ್ತೆ ಮೊದಲಿನದಕ್ಕೆ ಮರಳಿದಾಗ ಅದು ಸುಮಾರು ಅರ್ಧ ಗಂಟೆ ಕೆಲಸ ಮಾಡಿ ಶಾಶ್ವತವಾಗಿ ಸುಮ್ಮನಾಯಿತು. ಉಳಿದದ್ದು ಅರೆಗಿವಿ. ಸರಿಯಾದ ಗ್ರಾಹಕ ಬರುವ ಅಲೆಯ ಕಂಪನಸಂಖ್ಯೆ ಸ್ವಲ್ಪ ಹೆಚ್ಚು ಕಡಮೆಯಾದರೂ ತಾನೇ ಅದನ್ನು ಅನುಸರಿಸಿ ಹಿಡಿಯುತ್ತದೆ. ನಮ್ಮ ರೇಡಿಯೋದ ತಿರುಪನ್ನು ನಾವು ತಿರುಗಿಸಿದಂತೆ. ಈ ಅರೆಗಿವಿಗೆ ಆ ತಿರುಪಿಲ್ಲ. ಭೂಮಿ ತಿರುಗುವುದರಿಂದ, ನೌಕೆ ಓಡುವುದರಿಂದ, ನೌಕೆಯೊಳಗಿನ ಉಷ್ಣತೆ ಒಂದು ಡಿಗ್ರಿಯ ಅಲ್ಪಾಂಶದಷ್ಟು ಬದಲಾಗುವುದರಿಂದ ಎಷ್ಟೆಷ್ಟು ವ್ಯತ್ಯಾಸವಾದೀತೆಂದು ಮುಂಚೆಯೇ ಗುಣಿಸಿ, ಇಲ್ಲಿಂದಲೇ ಅದಕ್ಕೆ ಒಪ್ಪುವ ಶ್ರುತಿಯಲ್ಲಿ ಮಾತಾಡಬೇಕು. ೧೯೭೮ರಿಂದೀಚೆಗೆ ವಾಯೇಜರ್-೨ಕ್ಕೆ ಹೋದ ಪ್ರತಿಯೊಂದು ಆಜ್ಞೆಯೂ ಹೀಗೆ ಶ್ರುತಿಗೂಡಿಸಿ ಕಳಿಸಿದ್ದು. ಗುರುಗ್ರಹವನ್ನೂ ಮುಟ್ಟಿರದ ಕಾಲದ ಆ ಊನವನ್ನಿಟ್ಟುಕೊಂಡೇ ಅದು ೧೯೮೬ರ ಜನವರಿ ೨೪ರಂದು ಯುರೇನಸ್ಸನ್ನೂ, ೧೯೮೯ರ ಆಗಸ್ಟ್ ೨೫ರಂದು ನೆಪ್ಚೂನನ್ನೂ ಸಾರಿತು.

ಗ್ರಹಗಳಲ್ಲಿ ಕಂಡ ಬೆರಗುಗಳನ್ನು ಆ ಕಾಲದ ಪತ್ರಿಕೆಗಳು ಬೇಕಾದಷ್ಟು ಬರೆದಿವೆ: ಗುರುವಿನ ಉಪಗ್ರಹ ಅಯೋದಲ್ಲಿ ಉರಿಯುವ ಅಗ್ನಿಪರ್ವತಗಳು, ನೆಪ್ಚೂನಿನ ಟ್ರೈಟನ್ನಿನಲ್ಲಿ ಸೊನ್ನೆಗಿಂತ ೨೩೫ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಚಿಮ್ಮುವ ಬುಗ್ಗೆಗಳು. ೧೯೯೦ರ ಫೆಬ್ರವರಿ ೧೪ರಂದು, ಕಾರ್ಲ್ ಸಾಗನ್ನರ ಒತ್ತಾಯದಿಂದ, ವಾಯೇಜರ್-೧ ಆರು ನೂರು ಕೋಟಿ ಕಿಲೋಮೀಟರ್ ದೂರದಿಂದ ಹಿಂದಿರುಗಿ ನೋಡಿ ಭೂಮಿಯ ಚಿತ್ರ ತೆಗೆಯಿತು. ಆಮೇಲೆ ಅದರ ಕ್ಯಾಮೆರಾಗಳನ್ನು ಆರಿಸಲಾಯಿತು. ಮುಂದೆ ನೋಡುವುದಕ್ಕೆ ಏನೂ ಇರಲಿಲ್ಲ. ಆದರೆ ಕಾಣದಿರುವುದನ್ನು ಮುಟ್ಟಿ ತಿಳಿಯುವ ಉಪಕರಣಗಳು ಉಳಿದಿದ್ದವು: ವಿದ್ಯುತ್ಕಣಗಳನ್ನು ಎಣಿಸುವುದು, ವಿಶ್ವಕಿರಣಗಳನ್ನು ಹಿಡಿಯುವುದು, ಕಾಂತಕ್ಷೇತ್ರವನ್ನು ಅಳೆಯುವುದು, ಪ್ಲಾಸ್ಮಾದ ಅಲೆಗಳನ್ನು ಆಲಿಸುವುದು.

೨೦೦೪ರ ಡಿಸೆಂಬರಿನಲ್ಲಿ ವಾಯೇಜರ್-೧ ಸೌರಮಾರುತದ ರಭಸ ಮುರಿಯುವ ಬಳೆಯನ್ನು ದಾಟಿತು. ಭೂಮಿಗೂ ಸೂರ್ಯನಿಗೂ ಇರುವ ಹದಿನೈದು ಕೋಟಿ ಕಿಲೋಮೀಟರನ್ನು ಒಂದು ಮಾನವೆಂದು ಹಿಡಿದರೆ, ಅದು ೯೪ ಮಾನಗಳ ದೂರ. ಬೇರೆ ದಿಕ್ಕಿಗೆ, ದಕ್ಷಿಣಕ್ಕೆ, ಹೋಗುತ್ತಿದ್ದ ವಾಯೇಜರ್-೨ ಅದನ್ನು ೨೦೦೭ರ ಆಗಸ್ಟಿನಲ್ಲಿ ೮೪ ಮಾನಗಳಲ್ಲಿಯೇ ದಾಟಿತು. ಅಂದಮೇಲೆ ಬುದ್ಬುದ ಗುಂಡಗಿಲ್ಲ; ಒಂದು ಪಕ್ಕ ಅದುಮಿದಂತಿದೆ. ಸೂರ್ಯನ ಉಬ್ಬರವಿಳಿತಕ್ಕೆ ತಕ್ಕಂತೆ ಅದು ಉಸಿರಾಡುತ್ತಲೂ ಇದೆ. ಬಳೆಯೇ ಹಿಂದೆ ಮುಂದೆ ಸರಿಯುತ್ತಿದ್ದುದರಿಂದ ಎರಡನೆಯ ನೌಕೆ ಅದನ್ನು ಹಲವು ಬಾರಿ ದಾಟಬೇಕಾಯಿತು.

ಸೌರಸೀಮೆಯ ದಾಟುವಿಕೆ ಇಷ್ಟು ಸ್ಪಷ್ಟವಾಗಿ ನಡೆಯಲಿಲ್ಲ. ೨೦೧೨ರ ಆಗಸ್ಟ್ ೨೫ರಂದು, ೧೨೨ ಮಾನಗಳ ಬಳಿ, ವಾಯೇಜರ್-೧ರ ಸುತ್ತ ಸೂರ್ಯಮೂಲದ ಕಣಗಳು ಹೆಚ್ಚು ಕಡಮೆ ಮಾಯವಾದವು. ತಾರಾಲೋಕದ ವಿಶ್ವಕಿರಣಗಳು ಏರಿದವು. ದಾಟಿತೆಂದು ಕೆಲವರು ಸಂಭ್ರಮಿಸಿದರು. ಇನ್ನು ಕೆಲವರು ತಲೆಯಾಡಿಸಿದರು. ಏಕೆಂದರೆ ಕಾಂತಕ್ಷೇತ್ರ ತನ್ನ ದಿಕ್ಕನ್ನು ಬದಲಿಸಿರಲಿಲ್ಲ. ಸೂರ್ಯನ ಕಾಂತಕ್ಷೇತ್ರದಿಂದ ತಾರಾಂತರ ಕಾಂತಕ್ಷೇತ್ರಕ್ಕೆ ಕಾಲಿಟ್ಟರೆ ದಿಕ್ಕು ಬದಲಾಗಬೇಡವೆ? ಭಾಷೆ ಬದಲಾಗದೆ ಗಡಿ ದಾಟಿತೆಂದರೆ ನಂಬುವುದು ಹೇಗೆ? ನೇರವಾಗಿ ಕಣಗಳ ಸಾಂದ್ರತೆಯನ್ನು ಅಳೆದಿದ್ದರೆ ವಾದ ಒಂದು ದಿನದಲ್ಲಿ ಮುಗಿಯುತ್ತಿತ್ತು. ಆದರೆ ಆ ನೌಕೆಯಲ್ಲಿ ಅದಕ್ಕಾಗಿಯೇ ಇದ್ದ ಉಪಕರಣ ೧೯೮೦ರಲ್ಲಿಯೇ ಕೆಟ್ಟುಹೋಗಿತ್ತು.

ವ್ಯಾಜ್ಯವನ್ನು ತೀರಿಸಿದವನು ಸೂರ್ಯನೇ. ೨೦೧೨ರ ಮಾರ್ಚಿನಲ್ಲಿ ಸೂರ್ಯನ ಮೇಲೆ ದೊಡ್ಡ ಸ್ಫೋಟಗಳಾದವು. ಅವುಗಳ ಅಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರಯಾಣ ಮಾಡಿ, ೨೦೧೩ರ ಏಪ್ರಿಲಿನಲ್ಲಿ ನೌಕೆಯ ಸುತ್ತಲಿನ ಪ್ಲಾಸ್ಮಾವನ್ನು ತಟ್ಟಿತು; ತಟ್ಟಿದ ಗಂಟೆಯಂತೆ ಅದು ಮಿಡಿಯಿತು. ಎಷ್ಟು ವೇಗವಾಗಿ ಮಿಡಿಯುತ್ತದೆಂಬುದು ಅದು ಎಷ್ಟು ದಟ್ಟವಾಗಿದೆಯೆಂಬುದರ ಮೇಲೆ ನಿಂತಿದೆ. ಸೆಕೆಂಡಿಗೆ ಎರಡೂವರೆ ಸಾವಿರಕ್ಕೂ ಮಿಕ್ಕ ಕಂಪನಗಳು. ಧ್ವನಿವರ್ಧಕಕ್ಕೆ ಕೊಟ್ಟರೆ ನಮ್ಮ ಕಿವಿಗೂ ಕೇಳುವಂಥ ಸ್ವರ. ಅಯೋವಾ ವಿಶ್ವವಿದ್ಯಾನಿಲಯದ ಡಾನಲ್ಡ್ ಗರ್ನೆಟ್ ಮತ್ತು ಅವರ ಸಂಗಡಿಗರು ಆ ಸ್ವರದಿಂದ ಗುಣಿಸಿದಾಗ, ಸೌರಗೋಳದ ಹೊರಪದರದಲ್ಲಿ ಇರಬೇಕಾದುದಕ್ಕಿಂತ ಸುಮಾರು ನಲವತ್ತು ಪಟ್ಟು ಹೆಚ್ಚಿನ ಸಾಂದ್ರತೆ ಬಂತು. ಒಳಗಿರುವುದು ಬಿಸಿಯಾದ, ವಿರಳವಾದ ಗಾಳಿ. ಹೊರಗಿರುವುದು ತಣ್ಣನೆಯ, ದಟ್ಟವಾದ ಗಾಳಿ. ನೌಕೆ ನಿಜವಾಗಿಯೂ ಹೊರಗಿತ್ತು. ೧೯೭೨ರಿಂದ ೨೦೨೨ರವರೆಗೆ, ಐವತ್ತು ವರ್ಷ, ಯೋಜನೆಯ ಮುಖ್ಯ ವಿಜ್ಞಾನಿಯಾಗಿದ್ದ ಎಡ್ವರ್ಡ್ ಸ್ಟೋನ್ ೨೦೧೩ರ ಸೆಪ್ಟೆಂಬರಿನಲ್ಲಿ ಅದನ್ನು ಒಪ್ಪಿ ಜಗತ್ತಿಗೆ ತಿಳಿಸಿದರು. ವಾಯೇಜರ್-೨ ೨೦೧೮ರ ನವೆಂಬರ್ ೫ರಂದು, ೧೧೯ ಮಾನಗಳಲ್ಲಿ, ದಾಟಿತು. ಅದರ ಸಾಂದ್ರತಾಮಾಪಕ ಚೆನ್ನಾಗಿದ್ದುದರಿಂದ ಈ ಸಲ ತಕರಾರಿರಲಿಲ್ಲ. ಅಲ್ಲಿಯೂ ಕಾಂತಕ್ಷೇತ್ರ ಒಳಗೂ ಹೊರಗೂ ಹೆಚ್ಚು ಕಡಮೆ ಒಂದೇ ದಿಕ್ಕಿಗಿತ್ತು. ಅದೇಕೆ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ.

ಸೂರ್ಯನ ಬೆಳಕು ಹೆಸರಿಗೆ ಮಾತ್ರ ಇರುವ ಆ ದೂರದಲ್ಲಿ ಈ ನೌಕೆಗಳು ಬದುಕಿರುವುದು ಹೇಗೆ? ಒಂದೊಂದರಲ್ಲಿಯೂ ಪ್ಲುಟೋನಿಯಂ-೨೩೮ ತುಂಬಿದ ಮೂರು ವಿದ್ಯುಜ್ಜನಕಗಳಿವೆ. ಪ್ಲುಟೋನಿಯಂ ತಾನಾಗಿ ಕ್ಷಯಿಸುತ್ತ ಶಾಖ ಕೊಡುತ್ತದೆ, ಶಾಖದಿಂದ ವಿದ್ಯುತ್ತು. ಹೊರಟಾಗ ಸುಮಾರು ೪೭೦ ವಾಟ್ ಇತ್ತು. ಅಲ್ಲಿಂದೀಚೆಗೆ ವರ್ಷಕ್ಕೆ ನಾಲ್ಕು ವಾಟಿನಂತೆ ಇಳಿಯುತ್ತಿದೆ. ಬಡಸಂಸಾರದ ಜಮಾಖರ್ಚಿನಂತೆ, ಪ್ರತಿವರ್ಷವೂ ಯಾವುದನ್ನು ಬಿಡುವುದು, ಯಾವುದನ್ನು ಉಳಿಸಿಕೊಳ್ಳುವುದು ಎಂಬ ಲೆಕ್ಕ. ಮೊದಲು ಉಪಕರಣಗಳನ್ನು ಬೆಚ್ಚಗಿಡುವ ತಾಪಕಗಳನ್ನು ಆರಿಸಿದರು. ೨೦೧೯ರಲ್ಲಿ ವಾಯೇಜರ್-೨ರ ವಿಶ್ವಕಿರಣ ಉಪಕರಣದ ತಾಪಕವನ್ನು ಆರಿಸಿದಾಗ ಅದರ ಉಷ್ಣತೆ ಸೊನ್ನೆಯ ಕೆಳಗೆ ೫೯ ಡಿಗ್ರಿಗೆ ಇಳಿಯಿತು. ಭೂಮಿಯ ಮೇಲೆ ಅದನ್ನು ಪರೀಕ್ಷಿಸಿದ್ದು ಸೊನ್ನೆಯ ಕೆಳಗೆ ೪೫ ಡಿಗ್ರಿಯವರೆಗೆ ಮಾತ್ರ. ಆದರೂ ಅದು ಕೆಲಸ ನಿಲ್ಲಿಸಲಿಲ್ಲ.

ನೌಕೆಯ ಪ್ರೇಷಕಯಂತ್ರದ ಶಕ್ತಿ ಸುಮಾರು ೨೩ ವಾಟ್. ಮನೆಯ ಒಂದು ಮಂಕು ದೀಪದಷ್ಟು. ಅದು ಭೂಮಿಗೆ ಬರುವ ಹೊತ್ತಿಗೆ ಒಂದು ವಾಟಿನ ಕೋಟಿಯಲ್ಲೊಂದು ಪಾಲಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕ್ಷೀಣ. ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯದ ಕ್ಯಾನ್‌ಬೆರಾ, ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್, ಈ ಮೂರು ಕಡೆಯ ಎಪ್ಪತ್ತು ಮೀಟರ್ ಅಗಲದ ಆಂಟೆನಾಗಳು ಆ ಪಿಸುಮಾತನ್ನು ಆಯ್ದುಕೊಳ್ಳುತ್ತವೆ. ದಕ್ಷಿಣಕ್ಕೆ ಇಳಿದಿರುವ ವಾಯೇಜರ್-೨ಕ್ಕೆ ಆಜ್ಞೆ ಕಳಿಸಬಲ್ಲದ್ದು ಕ್ಯಾನ್‌ಬೆರಾದ ಆಂಟೆನಾ ಒಂದೇ.

೨೦೨೩ರ ನವೆಂಬರಿನಲ್ಲಿ ವಾಯೇಜರ್-೧ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಮಾತಾಡತೊಡಗಿತು. ಒಂದು, ಸೊನ್ನೆಗಳ ಒಂದೇ ವಿನ್ಯಾಸ, ಮತ್ತೆ ಮತ್ತೆ. ಉಪಕರಣಗಳ ಅಂಕಿಅಂಶಗಳನ್ನು ಕಟ್ಟಿ ಕಳಿಸುವ ಗಣಕದ ಸ್ಮೃತಿಯಲ್ಲಿ ಒಂದು ಚಿಪ್ ಸತ್ತಿತ್ತು. ಅದನ್ನು ರಚಿಸಿದವರಲ್ಲಿ ಬಹುಮಂದಿ ನಿವೃತ್ತರು, ಕೆಲವರು ದಿವಂಗತರು. ಉಳಿದಿದ್ದದ್ದು ಎಪ್ಪತ್ತರ ದಶಕದ ಕಾಗದಪತ್ರಗಳು. ಪ್ರಶ್ನೆ ಕೇಳಿ ಉತ್ತರ ಪಡೆಯಲು ನಲವತ್ತೈದು ಗಂಟೆ. ಕೆಟ್ಟ ಚಿಪ್ಪಿನಲ್ಲಿದ್ದ ಕಟ್ಟಳೆಗಳನ್ನು ಬೇರೆಡೆಗೆ ಸಾಗಿಸಬೇಕು. ಆದರೆ ಅಷ್ಟನ್ನೂ ಹಿಡಿಸುವ ಒಂದೇ ಜಾಗ ಆ ಪುಟ್ಟ ಸ್ಮೃತಿಯಲ್ಲಿ ಎಲ್ಲಿಯೂ ಇರಲಿಲ್ಲ. ತುಂಡುತುಂಡಾಗಿ ಕತ್ತರಿಸಿ, ಸಂದುಗೊಂದುಗಳಲ್ಲಿ ಸೇರಿಸಿ, ಒಂದು ತುಂಡು ಇನ್ನೊಂದನ್ನು ಹುಡುಕಿಕೊಳ್ಳುವಂತೆ ಎಲ್ಲ ವಿಳಾಸಗಳನ್ನೂ ತಿದ್ದಿ, ೨೦೨೪ರ ಏಪ್ರಿಲ್ ೧೮ರಂದು ಮೊದಲ ಕಂತನ್ನು ಕಳಿಸಿದರು. ೨೦ರಂದು ನೌಕೆ ತನ್ನ ಆರೋಗ್ಯವನ್ನು ಕುರಿತು, ಐದು ತಿಂಗಳ ಮೇಲೆ, ಅರ್ಥವಾಗುವ ಮಾತಾಡಿತು. ಅದೇ ಜೂನ್ ತಿಂಗಳಿನಲ್ಲಿ ಎಡ್ವರ್ಡ್ ಸ್ಟೋನ್ ತೀರಿಕೊಂಡರು.

ಎರಡೂ ನೌಕೆಗಳು ಹೊತ್ತಿರುವ ಚಿನ್ನದ ಲೇಪದ ತಾಮ್ರದ ಧ್ವನಿಮುದ್ರಿಕೆಯ ವಿಷಯ ಕೇಳಿರಬಹುದು. ಅದರಲ್ಲಿ ೫೫ ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ನಮಸ್ಕಾರ ಹೇಳಿ, ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಪುಟ್ಟ ವಾಕ್ಯ. ಭಾರತೀಯ ಸಂಗೀತದ ಪಾಲಿಗೆ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. ವಾಯೇಜರ್-೧ ಹೊರಟ ಹನ್ನೊಂದನೆಯ ದಿನ, ೧೯೭೭ರ ಸೆಪ್ಟೆಂಬರ್ ೧೬ರಂದು, ಆ ಗಾಯಕಿ ಕಾಲವಾದರು. ಅನ್ಯಲೋಕದವರು ಯಾರಾದರೂ ಅದನ್ನು ಕೇಳುವರೆಂಬ ಮಾತನ್ನು ನಾನಂತೂ ಗಂಭೀರವಾಗಿ ತೆಗೆದುಕೊಳ್ಳಲಾರೆ. ನೌಕೆ ಇನ್ನೊಂದು ತಾರೆಯ ಸಮೀಪ ಎನ್ನಬಹುದಾದ ಕಡೆಗೆ ಹೋಗಲು ಇನ್ನೂ ನಲವತ್ತು ಸಾವಿರ ವರ್ಷಗಳು ಬೇಕು. ಆ ಸಮೀಪವೆಂಬುದೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಹೆಚ್ಚು. ಮೊದಲು ಹೇಳಿದ ಊರ್ಟ್ ಮೇಘದ ಒಳಂಚನ್ನು ಮುಟ್ಟುವುದಕ್ಕೇ ಸುಮಾರು ಮುನ್ನೂರು ವರ್ಷ, ದಾಟುವುದಕ್ಕೆ ಮೂವತ್ತು ಸಾವಿರ ವರ್ಷಗಳಾಗಬಹುದು. ಸೂರ್ಯನ ಗಾಳಿಯ ಗಡಿಯನ್ನು ದಾಟಿದ್ದರೂ ಅದರ ಆಕರ್ಷಣೆಯ ಗಡಿಯೊಳಗೇ ನೌಕೆಗಳು ಇವೆ.

ಉಳಿದ ಸಂಗತಿ ವಿದ್ಯುತ್ತಿನದು. ೨೦೨೪ರ ಸೆಪ್ಟೆಂಬರಿನಲ್ಲಿ ವಾಯೇಜರ್-೨ರ ಸಾಂದ್ರತಾಮಾಪಕವನ್ನು ಆರಿಸಿದರು. ೨೦೧೮ರ ದಾಟುವಿಕೆಗೆ ನಿಸ್ಸಂದೇಹವಾದ ಸಾಕ್ಷ್ಯ ನುಡಿದದ್ದು ಅದೇ. ೨೦೨೫ರ ಫೆಬ್ರವರಿಯಲ್ಲಿ ವಾಯೇಜರ್-೧ರ ವಿಶ್ವಕಿರಣ ಉಪಕರಣ, ಮಾರ್ಚಿನಲ್ಲಿ ವಾಯೇಜರ್-೨ರ ಇನ್ನೊಂದು ಕಣಮಾಪಕ. ಕೆಟ್ಟದ್ದಕ್ಕಾಗಿ ಆರಿಸಿದ್ದಲ್ಲ, ಚೆನ್ನಾಗಿ ದುಡಿಯುತ್ತಿದ್ದುದನ್ನು ಉಳಿದವುಗಳ ಸಲುವಾಗಿ ಆರಿಸಿದ್ದು. ಅಲ್ಲಿ ಅಳೆಯಲು ಬೇರೆ ಯಾರೂ ಇಲ್ಲ. ಮುಂಚೆ ಹೊರಟ ಪಯೊನಿಯರ್-೧೧ರ ಸಂಪರ್ಕ ೧೯೯೫ರಲ್ಲಿ, ಪಯೊನಿಯರ್-೧೦ರದು ೨೦೦೩ರಲ್ಲಿ ಕಡಿದುಹೋಯಿತು. ೨೦೧೫ರಲ್ಲಿ ಪ್ಲೂಟೋವನ್ನು ನೋಡಿದ ನ್ಯೂ ಹೊರೈಜನ್ಸ್ ಇನ್ನೂ ಬಹಳ ಹಿಂದಿದೆ.

ಲೆಕ್ಕದ ಪ್ರಕಾರ ೨೦೨೬ರ ನವೆಂಬರ್ ನಡುಭಾಗವು ವಾಯೇಜರ್-೧ ಭೂಮಿಯಿಂದ ಒಂದು ಬೆಳಕು-ದಿನದ ದೂರವನ್ನು ಮುಟ್ಟುವ ಕಾಲ. ಬೆಳಿಗ್ಗೆ ಎಂಟು ಗಂಟೆಗೆ ಮ್ಯಾಡ್ರಿಡ್ಡಿನಿಂದ ಹೊರಟ ಆಜ್ಞೆ ಮರುದಿನ ಎಂಟಕ್ಕೆ ನೌಕೆಯನ್ನು ಮುಟ್ಟುತ್ತದೆ. ಉತ್ತರ ಮೂರನೆಯ ದಿನ ಎಂಟಕ್ಕೆ ಬರುತ್ತದೆ. ಆ ಹೊತ್ತಿಗೆ ಭೂಮಿ ಎರಡು ಸುತ್ತು ತಿರುಗಿ, ಮಾತಾಡಿದ ಆಂಟೆನಾವೇ ಉತ್ತರ ಕೇಳಲು ಅದೇ ದಿಕ್ಕಿಗೆ ಮುಖಮಾಡಿ ನಿಂತಿರುತ್ತದೆ.